ಒಂದು ಡೇಟಾಬೇಸ್, ನಾಲ್ಕು ಪ್ರೋಗ್ರಾಮಿಂಗ್ ಭಾಷೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಕಾಫಿ ಮತ್ತು ಕರಿಮೆಣಸು ಬೆಳೆಗಾರರ ಸಹಕಾರ ಸಂಘ. ಮಡಿಕೇರಿ, ಕುಶಾಲನಗರ ಮತ್ತು ಗೋಣಿಕೊಪ್ಪಲಿನಲ್ಲಿ ಕಚೇರಿಗಳಿವೆ. ಮಳೆಗಾಲದಲ್ಲಿ ಒಂದು ಕಡೆ ಕರೆಂಟೋ ಇಂಟರ್‌ನೆಟ್ಟೋ ಹೋದರೂ ಉಳಿದೆರಡು ಕಡೆ ಕೆಲಸ ನಿಲ್ಲಬಾರದೆಂದು, ಮೂರೂ ಕಚೇರಿಗಳಲ್ಲಿ ಒಂದೊಂದು ನೋಡ್ (ಡೇಟಾಬೇಸನ್ನು ನಡೆಸುವ ಯಂತ್ರ) ಇಟ್ಟು ಕಸಾಂಡ್ರಾ ಡೇಟಾಬೇಸ್ ಹಾಕಿಸಲು ಯೋಚಿಸಿದ್ದೇವೆ. ನಮ್ಮ ಲೆಕ್ಕಪತ್ರದ ತಂತ್ರಾಂಶ ಜಾವಾದಲ್ಲಿದೆ. ಸದಸ್ಯರ ಜಾಲತಾಣ ಪಿಎಚ್‌ಪಿಯಲ್ಲಿದೆ. ತೋಟಗಳ ಮಳೆ ಲೆಕ್ಕವನ್ನು ಸೇರಿಸುವ ಪ್ರೋಗ್ರಾಂ ಪೈಥಾನ್‌ನಲ್ಲಿದೆ. ತೂಕದ ಕೇಂದ್ರದ ಮೊಬೈಲ್ ಆ್ಯಪ್ ಜಾವಾಸ್ಕ್ರಿಪ್ಟ್‌ನಲ್ಲಿದೆ. ಇವೆಲ್ಲವೂ ಡೇಟಾಬೇಸಿನೊಂದಿಗೆ ಮಾತನಾಡಲು ಥ್ರಿಫ್ಟ್ ಬಳಸಿ ಎಂದು ಒಬ್ಬರು, ಜಿಆರ್‌ಪಿಸಿ ಎಂದು ಇನ್ನೊಬ್ಬರು, ರೆಸ್ಟ್ ಸಾಕು ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಯಾವುದನ್ನು ಆರಿಸಬೇಕು?
— ಸಂಘವೊಂದರ ಕಾರ್ಯದರ್ಶಿ, ಪೊನ್ನಂಪೇಟೆ ತಾಲ್ಲೂಕು

ಉತ್ತರ: ಕಾರ್ಯದರ್ಶಿಗಳೇ, ನಿಮಗೆ ಸೂಚಿಸಲಾಗಿರುವ ಮೂರು ಹೆಸರುಗಳಲ್ಲಿ ಒಂದೂ ಕಸಾಂಡ್ರಾ ಇಂದು ನೇರವಾಗಿ ಆಡುವ ಮಾತಲ್ಲ. ಅದು ಆಡುವುದು ಸಿಕ್ಯೂಎಲ್ ಎಂಬ ಪ್ರಶ್ನಾಭಾಷೆಯನ್ನು. ಆ ಭಾಷೆಯನ್ನು ಹೊತ್ತು ತರುವುದು 9042ನೇ ಪೋರ್ಟಿನಲ್ಲಿ ಕೆಲಸ ಮಾಡುವ ಅದರದೇ ಆದ ಬೈನರಿ ಪ್ರೋಟೊಕಾಲ್, ಅಂದರೆ ಯಂತ್ರಗಳು ಪರಸ್ಪರ ಮಾತನಾಡುವ ಕಟ್ಟಳೆ. ಥ್ರಿಫ್ಟ್ ಮತ್ತು ಜಿಆರ್‌ಪಿಸಿ ಎರಡೂ ದತ್ತಾಂಶದ ರೂಪವನ್ನೂ ಕರೆಗಳ ಹೆಸರನ್ನೂ ಒಂದು ಕಡತದಲ್ಲಿ ಬರೆದುಕೊಟ್ಟರೆ ಬೇರೆ ಬೇರೆ ಭಾಷೆಗಳಿಗೆ ಬೇಕಾದ ಕೋಡನ್ನು ತಾವೇ ತಯಾರಿಸಿಕೊಡುವ ಸಲಕರಣೆಗಳು. ರೆಸ್ಟ್ ಎಂಬುದು ಜಾಲತಾಣಗಳ ಪ್ರೋಟೊಕಾಲಾದ ಎಚ್‌ಟಿಟಿಪಿಯನ್ನು ಬಳಸುವ ಒಂದು ಕ್ರಮ. ಆದ್ದರಿಂದ ಇವುಗಳಲ್ಲಿ ಯಾವುದನ್ನು ಆರಿಸಿದರೂ, ಡೇಟಾಬೇಸಿನ ಮುಂದೆ ನಿಮ್ಮದೇ ಆದ ಒಂದು ನಡುವಿನ ಸರ್ವಿಸ್ ಬರೆದು ನಿಲ್ಲಿಸಬೇಕಾಗುತ್ತದೆ. ಸಲಹೆ ಕೊಟ್ಟವರು ಆ ಸರ್ವಿಸನ್ನು ಯಾರು ಬರೆಯುತ್ತಾರೆ, ಮುಂದಿನ ಹತ್ತು ವರ್ಷ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಹೇಳಿದ್ದಾರೆಯೇ ಎಂದು ಮೊದಲು ವಿಚಾರಿಸಿ.

ನನ್ನ ಅಭಿಪ್ರಾಯದಲ್ಲಿ ಡೇಟಾಬೇಸ್ ತಾನೇ ಆಡುವ ಪ್ರೋಟೊಕಾಲನ್ನು, ಅದಕ್ಕಾಗಿಯೇ ಬರೆದ ಡ್ರೈವರಿನ (ಪ್ರೋಗ್ರಾಮಿಗೂ ಡೇಟಾಬೇಸಿಗೂ ಸಂಪರ್ಕ ಕಲ್ಪಿಸುವ ತಂತ್ರಾಂಶದ) ಮೂಲಕ ಬಳಸಲು ಸಾಧ್ಯವಿರುವ ಕಡೆಯೆಲ್ಲ ಅದನ್ನೇ ಬಳಸಬೇಕು; ಸಾಧ್ಯವಿಲ್ಲದ ಕಡೆಗೆ ಮಾತ್ರ ನಡುವಿನ ಸರ್ವಿಸ್ ಇರಬೇಕು. ಕಾರಣ ವೇಗವಲ್ಲ. ಕೊಯ್ಲಿನ ಬಿರುಸಿನಲ್ಲಿಯೂ ನಿಮ್ಮ ಮೂರು ಕಚೇರಿಗಳ ತೂಕದ ಚೀಟಿಗಳು ಇಂದಿನ ಯಂತ್ರಕ್ಕೆ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಕಾರಣವೇನೆಂದರೆ, ಹಲವು ಯಂತ್ರಗಳಲ್ಲಿ ಹಂಚಿದ ಡೇಟಾಬೇಸಿನ ಡ್ರೈವರ್ ಬರಿಯ ಪತ್ರ ಸಾಗಿಸುವ ಅಂಚೆಯಾಳಲ್ಲ. ಅದು ಮೊದಲು ಸಿಕ್ಕ ಒಂದು ನೋಡಿನಿಂದ ಉಳಿದ ನೋಡ್‌ಗಳ ವಿಳಾಸವನ್ನು ತಿಳಿದುಕೊಳ್ಳುತ್ತದೆ. ಯಾವುದಾದರೂ ನೋಡ್ ಬಿದ್ದರೆ ಅಥವಾ ಎದ್ದರೆ ಸರ್ವರಿನಿಂದಲೇ ಸೂಚನೆ ಪಡೆಯುತ್ತದೆ. ಒಂದು ಕಡೆ ಉತ್ತರ ಬಾರದಿದ್ದರೆ ಇನ್ನೊಂದು ಕಡೆಗೆ ಹೋಗುತ್ತದೆ. ದೊಡ್ಡ ಸಮೂಹಗಳಲ್ಲಿ ಯಾವ ದಾಖಲೆ ಯಾವ ನೋಡಿನಲ್ಲಿದೆ ಎಂಬುದನ್ನೂ ಅದೇ ಲೆಕ್ಕ ಹಾಕಿ ನೇರವಾಗಿ ಅಲ್ಲಿಗೇ ಹೋಗುತ್ತದೆ. ನಿಮ್ಮಲ್ಲಿ ಮೂರೇ ನೋಡ್‌ಗಳಿದ್ದು ಪ್ರತಿ ದಾಖಲೆಯ ಮೂರು ಪ್ರತಿಗಳನ್ನಿಟ್ಟರೆ ಎಲ್ಲವೂ ಎಲ್ಲ ಕಡೆ ಇರುವುದರಿಂದ ಈ ಕೊನೆಯ ಗುಣದಿಂದ ನಿಮಗೆ ಹೆಚ್ಚಿನ ಲಾಭವಿಲ್ಲ. ಆದರೆ ಮೊದಲಿನ ಗುಣಗಳೇ ನೀವು ಈ ಡೇಟಾಬೇಸನ್ನು ಆರಿಸಿದ ಉದ್ದೇಶ. ಮಡಿಕೇರಿಯ ಒಂದೇ ಯಂತ್ರದಲ್ಲಿ ನಡುವಿನ ಸರ್ವಿಸ್ ಕೂರಿಸಿ ಎಲ್ಲರೂ ಅದರ ಮೂಲಕವೇ ಹೋಗಬೇಕೆಂದರೆ, ಜುಲೈ ತಿಂಗಳ ಒಂದು ರಾತ್ರಿ ಮಡಿಕೇರಿಯ ಲೈನ್ ಕಡಿದಾಗ ಗೋಣಿಕೊಪ್ಪಲಿನ ಕಚೇರಿಯೂ ಕೈಕಟ್ಟಿ ಕೂರಬೇಕಾಗುತ್ತದೆ. ಹಾಗಾದರೆ ಮೂರು ನೋಡ್‌ಗಳಿಗೆ ಹಣ ಸುರಿದದ್ದು ಏತಕ್ಕೆ?

ಇನ್ನು ನಿಮ್ಮ ನಾಲ್ಕು ಭಾಷೆಗಳ ವಿಷಯ. ಇಂಥ ಆಯ್ಕೆಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಭಾಷೆಯಿಂದ ಆರಂಭಿಸಬೇಕು. ಜಾವಾದಿಂದ ಆರಂಭಿಸಿದರೆ ಎಲ್ಲ ದಾರಿಯೂ ಚೆನ್ನಾಗಿಯೇ ಕಾಣುತ್ತದೆ. ಕಸಾಂಡ್ರಾಕ್ಕೆ ಜಾವಾ ಮತ್ತು ಪೈಥಾನ್ ಡ್ರೈವರ್‌ಗಳು ಪಳಗಿದಂಥವು, ಅವುಗಳಿಗೆ ಸಂಬಂಧಿಸಿದಂತೆ ಚಿಂತೆಯಿಲ್ಲ. ಪಿಎಚ್‌ಪಿಯದು ಬೇರೆ ಕಥೆ: ಡೇಟಾಸ್ಟ್ಯಾಕ್ಸ್ ಸಂಸ್ಥೆ ಹೊರತಂದ ಪಿಎಚ್‌ಪಿ ಡ್ರೈವರ್ ಅದರ ಸಿ++ ಡ್ರೈವರಿನ ಮೇಲೆ ಕೂರುವ ಎಕ್ಸ್‌ಟೆನ್ಷನ್ (ಪಿಎಚ್‌ಪಿಗೆ ಬೇರೆಯಾಗಿ ಸೇರಿಸಬೇಕಾದ ಭಾಗ) ಆಗಿದ್ದು, ಅದರ ಅಭಿವೃದ್ಧಿ ನಿಂತುಹೋಗಿದೆ. ಅಲ್ಲದೆ ಪಿಎಚ್‌ಪಿಯಲ್ಲಿ ಸಾಮಾನ್ಯವಾಗಿ ಒಂದು ಪುಟದ ಕೆಲಸ ಮುಗಿಯುತ್ತಲೇ ಪ್ರೋಗ್ರಾಮಿನ ನೆನಪೂ ಅಳಿಸಿಹೋಗುವುದರಿಂದ, ನೋಡ್‌ಗಳ ಸ್ಥಿತಿಗತಿಯನ್ನು ನೆನಪಿಟ್ಟುಕೊಂಡು ಸಂಪರ್ಕಗಳನ್ನು ತೆರೆದಿಟ್ಟಿರಬೇಕಾದ ಡ್ರೈವರಿಗೆ ಅದು ಒಗ್ಗುವ ಜಾಗವಲ್ಲ. ಮೊಬೈಲ್ ಆ್ಯಪ್ ಅಂತೂ ಡೇಟಾಬೇಸನ್ನು ನೇರವಾಗಿ ಮುಟ್ಟಲೇಬಾರದು. ಮುಟ್ಟಿದರೆ ಡೇಟಾಬೇಸಿನ ಪಾಸ್‌ವರ್ಡ್ ಪ್ರತಿ ತೂಕದ ಕೇಂದ್ರದ ಫೋನಿನಲ್ಲೂ ಇರಬೇಕಾಗುತ್ತದೆ.

ಹೀಗಾಗಿ ನಾನು ಸೂಚಿಸುವುದು ಇಷ್ಟು. ಜಾವಾ ಮತ್ತು ಪೈಥಾನ್ ಪ್ರೋಗ್ರಾಂಗಳು ಡ್ರೈವರ್ ಮೂಲಕ ನೇರವಾಗಿ ಹೋಗಲಿ. ಪಿಎಚ್‌ಪಿ ಜಾಲತಾಣಕ್ಕೂ ಮೊಬೈಲಿಗೂ ಸೇರಿ ಎಚ್‌ಟಿಟಿಪಿ ಮತ್ತು ಜೇಸನ್ ಎಂಬ ಪಠ್ಯರೂಪ ಬಳಸುವ ಒಂದು ಚಿಕ್ಕ ಸರ್ವಿಸನ್ನು, ನಿಮ್ಮ ಲೆಕ್ಕಪತ್ರದವರಿಗೆ ಪರಿಚಯವಿರುವ ಜಾವಾದಲ್ಲಿಯೇ ಬರೆಸಿ, ಮೂರೂ ಕಚೇರಿಗಳಲ್ಲಿ ಒಂದೊಂದು ನಡೆಸಿರಿ. ಆ ಸರ್ವಿಸ್ ಬಂದ ಸಿಕ್ಯೂಎಲ್ ವಾಕ್ಯವನ್ನು ಹಾಗೆಯೇ ಒಳಗೆ ತಳ್ಳುವ ಕಿಂಡಿಯಾಗಬಾರದು; ತೂಕ ದಾಖಲಿಸುವುದು, ಸದಸ್ಯರ ಖಾತೆ ತೋರಿಸುವುದು ಮುಂತಾದ ಬೆರಳೆಣಿಕೆಯ ಕೆಲಸಗಳನ್ನಷ್ಟೇ ಮಾಡಬೇಕು. ಜಿಆರ್‌ಪಿಸಿ ಉತ್ತಮವಾದದ್ದೇ, ಆದರೆ ಅದು ಪಿಎಚ್‌ಪಿಯಲ್ಲಿ ಕರೆ ಮಾಡುವ ಬದಿಯಲ್ಲಷ್ಟೇ ಕೆಲಸ ಮಾಡುತ್ತದೆ, ಅದಕ್ಕೂ ಎಕ್ಸ್‌ಟೆನ್ಷನ್ ಬೇಕು. ಬ್ರೌಸರಿನಿಂದ ನೇರವಾಗಿ ಬಳಸಲಾಗದು, ನಡುವೆ ಪ್ರಾಕ್ಸಿ ಎಂಬ, ಕರೆಗಳನ್ನು ಬದಲಿಸಿ ದಾಟಿಸುವ ಮಧ್ಯವರ್ತಿ ಬೇಕು. ನಿಮ್ಮ ಎರಡು ದುರ್ಬಲ ಬದಿಗಳಿಗೇ ಅದು ಕಷ್ಟ ಕೊಡುವಾಗ, ಬಲವಾದ ಬದಿಗೆ ಅದರ ಅಗತ್ಯವೇ ಇಲ್ಲದಿರುವಾಗ, ಅದನ್ನು ತರುವುದರಲ್ಲಿ ಅರ್ಥ ಕಾಣಿಸುವುದಿಲ್ಲ.

ಇಲ್ಲಿ ನೀವು ಕೇಳದೇ ಇರುವ ಒಂದು ಮಾತನ್ನೂ ಹೇಳಬೇಕಾಗಿದೆ. ಡೇಟಾಬೇಸ್ ಇನ್ನೂ ಯೋಚನೆಯ ಹಂತದಲ್ಲಿಯೇ ಇದ್ದರೆ, ಹಳೆಯ ಡೇಟಾಬೇಸೊಂದರ ಪ್ರೋಟೊಕಾಲನ್ನೇ ಎರವಲು ಪಡೆದಿರುವ ಹಂಚಿದ ಡೇಟಾಬೇಸ್‌ಗಳನ್ನೂ ನೋಡಿರಿ. ಕಾಕ್‌ರೋಚ್‌ಡಿಬಿ ಮತ್ತು ಯುಗಬೈಟ್‌ಡಿಬಿ ಪೋಸ್ಟ್‌ಗ್ರೆಸ್ ಪ್ರೋಟೊಕಾಲನ್ನು ಆಡುತ್ತವೆ. ಟೈಡಿಬಿ ಮೈಎಸ್‌ಕ್ಯೂಎಲ್ ಪ್ರೋಟೊಕಾಲನ್ನು ಆಡುತ್ತದೆ. ಪೋಸ್ಟ್‌ಗ್ರೆಸ್ಸಿನ ಪ್ರೋಟೊಕಾಲಿನ 3ನೇ ಆವೃತ್ತಿ 2003ರಲ್ಲಿ ಬಂದ ಪೋಸ್ಟ್‌ಗ್ರೆಸ್ 7.4ರಿಂದ ಬಳಕೆಯಲ್ಲಿದ್ದು, ಪಿಎಚ್‌ಪಿ ಸೇರಿದಂತೆ ಹೆಸರು ಹೇಳಬಹುದಾದ ಪ್ರತಿ ಭಾಷೆಯಲ್ಲೂ ಅದಕ್ಕೆ ಪಳಗಿದ ಡ್ರೈವರ್ ಇದೆ. ನಿಮ್ಮ ಜಾಲತಾಣವನ್ನು ಬರೆದವರು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಆದರೆ ಮಾತು ಒಂದೇ ಆದ ಮಾತ್ರಕ್ಕೆ ಸ್ವಭಾವ ಒಂದೇ ಆಗುವುದಿಲ್ಲ: ಉದಾಹರಣೆಗೆ, ಕಾಕ್‌ರೋಚ್‌ಡಿಬಿಯಲ್ಲಿ ಎರಡು ವ್ಯವಹಾರಗಳು ಒಂದೇ ದಾಖಲೆಗೆ ಡಿಕ್ಕಿ ಹೊಡೆದಾಗ 40001 ಎಂಬ ಸಂಕೇತದ ದೋಷ ಬಂದು, ಇಡೀ ವ್ಯವಹಾರವನ್ನು ಮೊದಲಿನಿಂದ ಮತ್ತೆ ನಡೆಸುವ ಹೊಣೆ ನಿಮ್ಮ ಪ್ರೋಗ್ರಾಮಿನ ಮೇಲೆ ಬೀಳಬಹುದು. ಪೋಸ್ಟ್‌ಗ್ರೆಸ್ಸಿನ ಸಾಮಾನ್ಯ ಬಳಕೆಯಲ್ಲಿ ಇದನ್ನು ಕಾಣದವರು ಮೊದಲ ಸಲ ಗಾಬರಿಯಾಗುತ್ತಾರೆ. ಹಣದ ಲೆಕ್ಕ ಮುಖ್ಯವಾಗಿರುವ ಸಂಘಕ್ಕೆ ನಾನಾದರೆ ಕಸಾಂಡ್ರಾಕ್ಕಿಂತ ಇಂಥದ್ದನ್ನೇ ಮೊದಲು ಪರೀಕ್ಷಿಸುತ್ತಿದ್ದೆ.

ಯಾವ ದಾರಿ ಹಿಡಿದರೂ ಎರಡು ವಿಷಯಗಳನ್ನು ಈಗಲೇ ಗಟ್ಟಿಮಾಡಿಕೊಳ್ಳಿ. ಮೊದಲನೆಯದು, ಮತ್ತೆ ಕಳುಹಿಸುವುದರ ತೊಡಕು. ತೂಕದ ಕೇಂದ್ರದ ಹುಡುಗ ಒಂದು ಚೀಲದ ತೂಕವನ್ನು ಕಳುಹಿಸುತ್ತಾನೆ, ಉತ್ತರ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ದಾಖಲಾಯಿತೋ ಇಲ್ಲವೋ ಅವನಿಗೆ ತಿಳಿಯದು. ಅವನು ಮತ್ತೆ ಒತ್ತುತ್ತಾನೆ, 50 ಕಿಲೋ 100 ಕಿಲೋ ಆಗುತ್ತದೆ. ಇದಕ್ಕೆ ಮದ್ದು ಡೇಟಾಬೇಸಿನಲ್ಲಿಲ್ಲ, ಇಂಟರ್‌ಫೇಸಿನಲ್ಲಿದೆ, ಅಂದರೆ ಪ್ರೋಗ್ರಾಂ ಡೇಟಾಬೇಸಿನೊಂದಿಗೆ ಮಾತನಾಡುವ ಬಗೆಯಲ್ಲಿದೆ: ಪ್ರತಿ ತೂಕಕ್ಕೂ ಫೋನೇ ಯುಯುಐಡಿ ಎಂಬ, ಬೇರೆಲ್ಲೂ ಮರುಕಳಿಸದ ಒಂದು ಗುರುತನ್ನು ಸೃಷ್ಟಿಸಿ, ಎಷ್ಟು ಸಲ ಕಳುಹಿಸಿದರೂ ಅದೇ ಗುರುತಿನಿಂದ ಕಳುಹಿಸಬೇಕು. ಕಸಾಂಡ್ರಾದಲ್ಲಿ ಆ ಗುರುತನ್ನೇ ಕೀಲಿಯಾಗಿಸಿ (ದಾಖಲೆಯನ್ನು ಹುಡುಕುವ ಹೆಸರಾಗಿಸಿ), ಅದೇ ಕೀಲಿಗೆ ಅದೇ ವಿವರವನ್ನು ಹತ್ತು ಸಲ ಬರೆದರೂ ಉಳಿಯುವುದು ಒಂದೇ ದಾಖಲೆ. ಅದೇ ಕೌಂಟರ್ ಎಂಬ ಬಗೆಯ ಕಾಲಮ್ಮಿಗೆ ಕೂಡಿಸುತ್ತಾ ಹೋದರೆ ಈ ರಕ್ಷಣೆ ಸಿಗುವುದಿಲ್ಲ. ತೂಕಕ್ಕೆ ಕೌಂಟರ್ ಬಳಸಲು ಯಾರಾದರೂ ಹೇಳಿದರೆ ಬೇಡವೆನ್ನಿ. ಮೂರರಲ್ಲಿ ಎರಡು ನೋಡ್‌ಗಳ ಒಪ್ಪಿಗೆ ಬೇಕೆನ್ನುವ ಕೋರಂ ಮಟ್ಟವನ್ನು ನೀವು ಇಟ್ಟುಕೊಂಡಾಗ, ಸಂಪರ್ಕ ಕಡಿದುಕೊಂಡ ಕಚೇರಿಯೊಂದು ತನ್ನ ನೋಡ್ ಚೆನ್ನಾಗಿದ್ದರೂ ಬರೆಯಲಾರದು. ಆದ್ದರಿಂದ ಫೋನಿನಲ್ಲಿ ದಾಖಲೆಗಳು ಕಾದಿರುವ ಸರತಿಯೊಂದು ಇರಲೇಬೇಕು.

ಎರಡನೆಯದು ಸಂಖ್ಯೆಗಳ ಬಗೆ. ಕಸಾಂಡ್ರಾದ ಡೆಸಿಮಲ್ ಎಂಬ ದಶಮಾಂಶದ ಬಗೆ ಜಾವಾದಲ್ಲಿ ಬಿಗ್‌ಡೆಸಿಮಲ್ ಆಗಿಯೂ ಪೈಥಾನ್‌ನಲ್ಲಿ ಡೆಸಿಮಲ್ ಆಗಿಯೂ ಕರಾರುವಾಕ್ಕಾಗಿ ಬರುತ್ತದೆ, ಆದರೆ ಜಾವಾಸ್ಕ್ರಿಪ್ಟ್‌ಗೆ ಅಂಥ ಸ್ವಂತ ಬಗೆಯೇ ಇಲ್ಲ. ಹಾಗಾಗಿ ನಾಲ್ಕೂ ಭಾಷೆಗಳು ಒಪ್ಪುವ ಪೂರ್ಣಾಂಕಗಳಲ್ಲಿ ಇಡುವುದು ಕ್ಷೇಮ: ತೂಕ ಗ್ರಾಂಗಳಲ್ಲಿ, ಹಣ ಪೈಸೆಗಳಲ್ಲಿ. ಮಳೆಯ ವಿಷಯದಲ್ಲಿ ನಮ್ಮ ತೋಟಗಳವರು ಈ ಬುದ್ಧಿಯನ್ನು ಮೊದಲೇ ತೋರಿದ್ದಾರೆ. ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟು (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಭಾಗ) ಆಯಿತೆಂದರೆ ಅದನ್ನು 120 ಸೆಂಟು ಎಂದೇ ಬರೆದಿಡಿ, 1.2 ಎಂದಲ್ಲ. ದಿನಾಂಕದಲ್ಲೂ ಹೀಗೆಯೇ ಮೋಸವಿದೆ. ಭಾರತದ ಕಾಲಮಾನದ ಆಗಸ್ಟ್ 16ರ ನಡುರಾತ್ರಿ 12 ಗಂಟೆಯನ್ನು ಜಾವಾಸ್ಕ್ರಿಪ್ಟ್ ಯುಟಿಸಿ ಎಂಬ ಜಾಗತಿಕ ಕಾಲಮಾನಕ್ಕೆ ಬದಲಿಸಿದರೆ ಅದು ಆಗಸ್ಟ್ 15ರ ಸಂಜೆ 6.30 ಆಗುತ್ತದೆ, ದಿನಾಂಕದ ಭಾಗವನ್ನಷ್ಟೇ ಕತ್ತರಿಸಿಕೊಂಡರೆ ಒಂದು ದಿನದ ಮಳೆ ಹಿಂದಿನ ದಿನದ ಖಾತೆಗೆ ಜಮಾ ಆಗುತ್ತದೆ. ಗಂಟೆಯ ಅಗತ್ಯವಿಲ್ಲದ ಕಡೆ ಸಮಯದ ಬಗೆಯನ್ನು ಬಳಸದೆ ಬರಿಯ ದಿನಾಂಕದ ಬಗೆಯನ್ನೇ ಬಳಸಿ.

ಪ್ರಶ್ನೆ: ನಾವು ಬಳಸುತ್ತಿರುವ ಹಳೆಯ ಪ್ರೋಗ್ರಾಂ ಥ್ರಿಫ್ಟ್ ಮೂಲಕ ಕಸಾಂಡ್ರಾ 3.11ರೊಂದಿಗೆ ಚೆನ್ನಾಗಿಯೇ ನಡೆಯುತ್ತಿದೆ. ಥ್ರಿಫ್ಟ್ ಮತ್ತು ಕಸಾಂಡ್ರಾ ಎರಡೂ ಫೇಸ್‌ಬುಕ್‌ನಲ್ಲಿಯೇ ಹುಟ್ಟಿದವೆಂದು ಕೇಳಿದ್ದೇನೆ. ಒಂದೇ ಮನೆಯ ಮಕ್ಕಳು ಬೇರೆಯಾದದ್ದೇಕೆ? ನಾವೂ ಬದಲಾಗಲೇಬೇಕೆ?
— ಪ್ರೋಗ್ರಾಮರ್, ಕುಶಾಲನಗರ

ಉತ್ತರ: ನೀವು ಕೇಳಿದ್ದು ನಿಜ. ಥ್ರಿಫ್ಟನ್ನು ಫೇಸ್‌ಬುಕ್ 2007ರಲ್ಲಿ ಮುಕ್ತಗೊಳಿಸಿತು, ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಅಲ್ಲಿ ರೂಪಿಸಿದ ಕಸಾಂಡ್ರಾವನ್ನು 2008ರಲ್ಲಿ. ಹೊಸ ಡೇಟಾಬೇಸಿಗೆ ಮನೆಯಲ್ಲಿಯೇ ಇದ್ದ ಸಲಕರಣೆಯನ್ನು ಹಚ್ಚಿದ್ದು ಸಹಜವಾಗಿತ್ತು. ಒಂದೇ ಕಡತದಿಂದ ಹಲವಾರು ಭಾಷೆಗಳಿಗೆ ಕೋಡ್ ಸಿಗುತ್ತಿತ್ತು.

ತೊಡಕು ಬಂದದ್ದು ಬೇರೆ ಕಡೆಯಿಂದ. ಹಾಗೆ ತಯಾರಾದ ಕೋಡ್ ಮನುಷ್ಯರು ಬಳಸುವಂತಿರಲಿಲ್ಲ. ಡೇಟಾಬೇಸಿನ ಒಳಗಿನ ರಚನೆಯೇ ಹೊರಗಿನ ಕರೆಗಳಲ್ಲಿ ಬೆತ್ತಲಾಗಿ ಕಾಣುತ್ತಿತ್ತು, ಒಂದು ದಾಖಲೆ ಬರೆಯಲು ಒಂದರೊಳಗೊಂದು ಹುದುಗಿದ ನಾಲ್ಕಾರು ಕಟ್ಟುಗಳನ್ನು ಕಟ್ಟಬೇಕಾಗಿತ್ತು. ಅದನ್ನು ಮುಚ್ಚಲು ಜಾವಾದವರು ಹೆಕ್ಟರ್ ಬರೆದರು, ಪೈಥಾನ್‌ನವರು ಪೈಕಸಾ ಬರೆದರು, ಪಿಎಚ್‌ಪಿಯವರು ಪಿಎಚ್‌ಪಿಕಸಾ ಬರೆದರು. ಪ್ರತಿಯೊಂದರ ರೀತಿನೀತಿಯೂ ಬೇರೆ. ಎಲ್ಲ ಭಾಷೆಗಳಿಗೂ ಒಂದೇ ಇಂಟರ್‌ಫೇಸ್ ಎಂದು ಹೊರಟದ್ದು ಕೊನೆಗೆ ಭಾಷೆಗೊಂದು ಇಂಟರ್‌ಫೇಸ್ ಆಗಿ ನಿಂತಿತು. ನಡುವೆ ಕಸಾಂಡ್ರಾ 0.7ರ ಕಾಲದಲ್ಲಿ, ಡಗ್ ಕಟಿಂಗ್ ಆರಂಭಿಸಿದ ಆವ್ರೊ ಎಂಬ ಇಂಥದೇ ಸಲಕರಣೆಯನ್ನು ಥ್ರಿಫ್ಟಿನ ಬದಲಿಗೆ ತರುವ ಪ್ರಯತ್ನವೂ ನಡೆದು ಕೈಬಿಟ್ಟುಹೋಯಿತು. ಹೊದಿಕೆ ಬದಲಿಸಿದರೆ ಒಳಗಿನ ತೊಡಕು ಹೋಗುವುದಿಲ್ಲವಷ್ಟೆ.

2011ರ 0.8ನೇ ಆವೃತ್ತಿಯಲ್ಲಿ ಬಂದ ಸಿಕ್ಯೂಎಲ್ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿತು. ಭಾಷೆಗಳಿಗೆಲ್ಲ ಸಮಾನವಾಗಿರಬೇಕಾದದ್ದು ಕರೆಗಳ ಪಟ್ಟಿಯಲ್ಲ, ಬರೆದು ಕಳುಹಿಸುವ ವಾಕ್ಯ ಎಂಬುದು ಅದರ ಹಿಂದಿನ ಯೋಚನೆ. ವಾಕ್ಯವಾದರೆ ಯಾವ ಭಾಷೆಯಲ್ಲಾದರೂ ಬರಿಯ ಪಠ್ಯ. ಆರಂಭದಲ್ಲಿ ಆ ವಾಕ್ಯವೂ ಥ್ರಿಫ್ಟ್ ಗಾಡಿಯಲ್ಲಿಯೇ ಪ್ರಯಾಣ ಮಾಡುತ್ತಿತ್ತು. 2013ರ ಜನವರಿಯ 1.2ನೇ ಆವೃತ್ತಿಯಲ್ಲಿ ಅದಕ್ಕೆ ಸ್ವಂತ ಪ್ರೋಟೊಕಾಲ್ ಸಿಕ್ಕಿತು. ಥ್ರಿಫ್ಟಿನ ಒಂದು ಸಂಪರ್ಕದಲ್ಲಿ ಒಂದು ಪ್ರಶ್ನೆಗೆ ಉತ್ತರ ಬರುವವರೆಗೆ ಇನ್ನೊಂದು ಕಾಯಬೇಕಾಗಿತ್ತು. ಹೊಸ ಪ್ರೋಟೊಕಾಲಿನ 3ನೇ ಆವೃತ್ತಿಯಿಂದ ಒಂದೇ ಸಂಪರ್ಕದಲ್ಲಿ 32,768 ಪ್ರಶ್ನೆಗಳು ಏಕಕಾಲಕ್ಕೆ ಓಡಾಡಬಹುದು. ಥ್ರಿಫ್ಟಿನಲ್ಲಿ ಸರ್ವರ್ ತಾನಾಗಿ ಏನನ್ನೂ ಹೇಳುವಂತಿರಲಿಲ್ಲ. ಈಗ ನೋಡ್ ಬಿದ್ದ ಸುದ್ದಿಯನ್ನು ಅದೇ ತಿಳಿಸುತ್ತದೆ. ದೊಡ್ಡ ಉತ್ತರವನ್ನು ಪುಟಪುಟವಾಗಿ ತರಿಸಿಕೊಳ್ಳುವ ಸೌಲಭ್ಯವೂ ಎರಡನೇ ಆವೃತ್ತಿಯಲ್ಲಿ ಸೇರಿತು. 2.2ರಲ್ಲಿ ಥ್ರಿಫ್ಟನ್ನು ಪೂರ್ವನಿಯೋಜಿತವಾಗಿ ಮುಚ್ಚಿಡಲಾಯಿತು, 2021ರ ಜುಲೈಯಲ್ಲಿ ಬಂದ 4.0ರಲ್ಲಿ ಕಿತ್ತುಹಾಕಲಾಯಿತು.

ಇದರಿಂದ ಥ್ರಿಫ್ಟ್ ಕೆಟ್ಟದ್ದೆಂದು ತಿಳಿಯಬಾರದು. ಎಚ್‌ಬೇಸ್ ಎಂಬ ಇನ್ನೊಂದು ಹಂಚಿದ ಡೇಟಾಬೇಸಿನಲ್ಲಿ ಜಾವಾ ಅಲ್ಲದ ಭಾಷೆಗಳವರಿಗೆ ಥ್ರಿಫ್ಟ್ ಮತ್ತು ರೆಸ್ಟ್ ಎರಡು ದ್ವಾರಗಳೂ ಇವೆ, ಬಳಕೆಯಲ್ಲಿಯೂ ಇವೆ. ಆದರೆ ಅಲ್ಲಿಯೂ ನೀವು ಡೇಟಾಬೇಸಿನ ಮುಂದಿನ ಒಂದು ಸರ್ವರಿನೊಂದಿಗೆ ಮಾತನಾಡುತ್ತಿರುತ್ತೀರಿ, ಡೇಟಾಬೇಸಿನೊಂದಿಗಲ್ಲ ಎಂಬುದು ನೆನಪಿರಲಿ.

ನೀವು ಬದಲಾಗಲೇಬೇಕು, ಆದರೆ ಒಂದೇ ದಿನ ಆಗಬೇಕಿಲ್ಲ. 3.11ರಲ್ಲಿ ಎರಡು ಬಾಗಿಲುಗಳೂ ತೆರೆದಿರಬಲ್ಲವು: ಥ್ರಿಫ್ಟಿಗೆ 9160, ಸಿಕ್ಯೂಎಲ್‌ಗೆ 9042. ಮೊದಲು ಓದುವ ಕೆಲಸಗಳನ್ನು ಹೊಸ ಡ್ರೈವರಿಗೆ ಸರಿಸಿ, ಎರಡರ ಉತ್ತರಗಳನ್ನೂ ಕೆಲವು ವಾರ ಹೋಲಿಸಿ ನೋಡಿ, ಆಮೇಲೆ ಬರೆಯುವ ಕೆಲಸಗಳನ್ನು ಸರಿಸಿ. ಥ್ರಿಫ್ಟಿನಿಂದ ಸೃಷ್ಟಿಯಾದ ಕೋಷ್ಟಕಗಳು ಸಿಕ್ಯೂಎಲ್‌ನಲ್ಲಿ ಕೀ, ಕಾಲಮ್1, ವ್ಯಾಲ್ಯೂ ಎಂಬ ಬೋಳು ಹೆಸರುಗಳೊಂದಿಗೆ ಕಾಣಿಸಿಕೊಂಡರೆ ದತ್ತಾಂಶ ಹಾಳಾಯಿತೆಂದು ಹೆದರಬೇಡಿ. ಅವುಗಳನ್ನು ಹಾಗೆಯೇ ಹೊತ್ತುಕೊಂಡು ಮುಂದಿನ ಆವೃತ್ತಿಗೆ ಹೋಗುವುದಕ್ಕಿಂತ ಸರಿಯಾದ ಕಾಲಮ್ಮುಗಳಿರುವ ಹೊಸ ಕೋಷ್ಟಕ ಮಾಡಿ ದಾಖಲೆಗಳನ್ನು ಅಲ್ಲಿಗೆ ಸಾಗಿಸುವುದು ಲೇಸು. ಕೊಯ್ಲು ಮುಗಿದು ಲೆಕ್ಕ ಕಟ್ಟಿದ ಮೇಲೆ, ಮಳೆ ಹಿಡಿಯುವ ಮೊದಲು, ಏಪ್ರಿಲ್‌ನಿಂದ ಮೇ ತಿಂಗಳ ನಡುವೆ ಈ ಕೆಲಸ ಮುಗಿಸಿಕೊಳ್ಳಿ.

ಪ್ರಶ್ನೆ: ನಮ್ಮ ಸದಸ್ಯರ ಪಟ್ಟಿಯಲ್ಲಿ ಊರಿನ ಹೆಸರೇ ಕೀಲಿ. ಜಾವಾ ಪ್ರೋಗ್ರಾಮಿನಿಂದ ‘ಪೊನ್ನಂಪೇಟೆ’ ಎಂದು ಹುಡುಕಿದರೆ ಹಳೆಯ ಸದಸ್ಯರು ಸಿಗುವುದಿಲ್ಲ. ಜಾಲತಾಣದಲ್ಲಿ ಅವರ ಹೆಸರು ಇರುವುದು ಕಣ್ಣಿಗೆ ಕಾಣುತ್ತದೆ. ಇದು ಡ್ರೈವರಿನ ದೋಷವೇ?
— ಓದುಗರು, ನಾಪೋಕ್ಲು

ಉತ್ತರ: ಡ್ರೈವರ್ ನಿರಪರಾಧಿ. ಯೂನಿಕೋಡಿನಲ್ಲಿ ‘ಪೊ’ ಅಕ್ಷರದ ಒತ್ವವನ್ನು ಎರಡು ರೀತಿ ಬರೆಯಬಹುದು: ಒತ್ವದ ಒಂದೇ ಚಿಹ್ನೆಯಾಗಿ, ಇಲ್ಲವೇ ಎತ್ವ ಮತ್ತು ಊತ್ವಗಳ ಎರಡು ಚಿಹ್ನೆಗಳನ್ನು ಜೋಡಿಸಿ. ‘ಪೇ’ಯಲ್ಲಿಯೂ ಹೀಗೆಯೇ, ಎತ್ವದ ಪಕ್ಕದಲ್ಲಿ ದೀರ್ಘದ ಚಿಹ್ನೆ ಬೇರೆಯಾಗಿ ಕೂರಬಹುದು. ಪರದೆಯ ಮೇಲೆ ಎರಡೂ ಒಂದೇ. ಆದರೆ ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8 ಎಂಬ ಸಂಗ್ರಹ ಕ್ರಮದಲ್ಲಿ 3 ಬೈಟ್ ಬೇಕಾಗುವುದರಿಂದ, ‘ಪೊನ್ನಂಪೇಟೆ’ ಮೊದಲ ರೀತಿಯಲ್ಲಿ 10 ಸಂಕೇತಗಳ 30 ಬೈಟ್, ಎರಡನೇ ರೀತಿಯಲ್ಲಿ 12 ಸಂಕೇತಗಳ 36 ಬೈಟ್. ಡೇಟಾಬೇಸ್ ಹೋಲಿಸುವುದು ಬೈಟ್‌ಗಳನ್ನು, ನಮ್ಮ ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ. ಕಸಾಂಡ್ರಾದಲ್ಲಂತೂ ಕೀಲಿಯ ಬೈಟ್‌ಗಳಿಂದಲೇ ದಾಖಲೆಯ ಸ್ಥಾನವೂ ನಿರ್ಧಾರವಾಗುವುದರಿಂದ ಒಂದೇ ಊರಿನವರು ಎರಡು ಕಡೆ ಹಂಚಿಹೋಗಿರುತ್ತಾರೆ. ಹಳೆಯ ಸದಸ್ಯರು ಮಾತ್ರ ಸಿಗುತ್ತಿಲ್ಲವೆಂದರೆ, ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಿಂದ ಪಟ್ಟಿಯನ್ನು ಪರಿವರ್ತಿಸಿದಾಗ ಚಿಹ್ನೆಗಳು ಬಿಡಿಬಿಡಿಯಾಗಿ ಉಳಿದಿರುವ ಸಂಭವ ಹೆಚ್ಚು.

ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವ ಸೌಲಭ್ಯ ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರರಲ್ಲಿಯೂ ಇದೆ. ಪಿಎಚ್‌ಪಿಯಲ್ಲಿ ಇಂಟ್ಲ್ ಎಕ್ಸ್‌ಟೆನ್ಷನ್ ಬೇಕು. ಬರೆಯುವಾಗಲೂ ಹುಡುಕುವಾಗಲೂ ಅದನ್ನು ಹಾಯಿಸುವ ನಿಯಮ ನಾಲ್ಕೂ ಭಾಷೆಗಳಲ್ಲಿರಬೇಕು. ಒಂದರಲ್ಲಿ ಮರೆತರೂ ತೊಂದರೆ ಮರಳುತ್ತದೆ. ಇದಕ್ಕಿಂತ ಒಳ್ಳೆಯದೆಂದರೆ ಊರಿಗೊಂದು ಸಂಖ್ಯೆ ಕೊಟ್ಟು ಅದನ್ನೇ ಕೀಲಿಯಾಗಿಸಿ ಹೆಸರನ್ನು ತೋರಿಸಲಷ್ಟೇ ಇಟ್ಟುಕೊಳ್ಳುವುದು. ಗೋಣಿಕೊಪ್ಪ ಎಂದು ಒಬ್ಬರು, ಗೋಣಿಕೊಪ್ಪಲು ಎಂದು ಇನ್ನೊಬ್ಬರು ಬರೆಯುವ ನಮ್ಮ ಜಿಲ್ಲೆಯಲ್ಲಿ ಊರಿನ ಹೆಸರನ್ನು ಕೀಲಿ ಮಾಡಿದ್ದೇ ಧೈರ್ಯದ ಕೆಲಸ.

ಪ್ರಶ್ನೆ: ನಮ್ಮ ಚೀಟಿ ಸಂಖ್ಯೆ ದಿನಾಂಕ, ಶಾಖೆ, ಕ್ರಮಾಂಕ ಸೇರಿ 18 ಅಂಕಿಗಳದ್ದು. 202401150300012345 ಎಂದು ಡೇಟಾಬೇಸಿನಲ್ಲಿರುವುದು ಬ್ರೌಸರಿನಲ್ಲಿ 202401150300012350 ಎಂದು ಕಾಣುತ್ತದೆ. ಏಕೆ?
— ಓದುಗರು, ಸೋಮವಾರಪೇಟೆ

ಉತ್ತರ: ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆ 9007199254740991ರವರೆಗೆ ಮಾತ್ರ ಪ್ರತಿ ಪೂರ್ಣಾಂಕವನ್ನೂ ಬೇರೆ ಬೇರೆಯಾಗಿ ಹಿಡಿಯಬಲ್ಲದು. ನಿಮ್ಮ ಚೀಟಿಯ ಗಾತ್ರದಲ್ಲಿ ಅದಕ್ಕೆ ಸಿಗುವ ಮೆಟ್ಟಿಲುಗಳು 32ರ ಅಂತರದವು. ನಡುವಿನದೆಲ್ಲ ಹತ್ತಿರದ ಮೆಟ್ಟಿಲಿಗೆ ಜಾರುತ್ತದೆ. ಸರ್ವಿಸಿನ ಜೇಸನ್‌ನಲ್ಲಿ ಈ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕಳುಹಿಸಿದರೆ ಸಾಕು. ಜಿಆರ್‌ಪಿಸಿ ಸಾಮಾನ್ಯವಾಗಿ ಬಳಸುವ ಪ್ರೋಟೊಕಾಲ್ ಬಫರ್ಸ್ ಎಂಬ ದತ್ತಾಂಶ ರೂಪ ಕೂಡ ತನ್ನ 64 ಬಿಟ್ ಪೂರ್ಣಾಂಕಗಳನ್ನು ಜೇಸನ್‌ಗೆ ಇಳಿಸುವಾಗ ಹೀಗೆಯೇ ಮಾಡುತ್ತದೆ. ಡೇಟಾಬೇಸಿನಲ್ಲಿರುವ ಸಂಖ್ಯೆ ಕೆಟ್ಟಿಲ್ಲ. ಆದರೆ ಬ್ರೌಸರಿನಿಂದ ಹಿಂದಿರುಗಿ ಉಳಿಸಿದ ಚೀಟಿಗಳಿದ್ದರೆ, ಅವು ತಪ್ಪು ಸಂಖ್ಯೆಯ ಹೊಸ ದಾಖಲೆಗಳಾಗಿ ಸೇರಿರಬಹುದು. ಕ್ರಮಾಂಕ ಸೊನ್ನೆಯಿಂದ ಮುಗಿಯುವ ಚೀಟಿಗಳನ್ನು ಮೂಲ ಪುಸ್ತಕದೊಂದಿಗೆ ಒಮ್ಮೆ ತಾಳೆ ನೋಡಿಸಿ.